ಇಬ್ಬರಿಗೂ ಬೌದ್ಧಿಕ ಅಸಾಮರ್ಥ್ಯ 75%, ಆದರೆ ಕಲಿಕೆಯಲ್ಲಿ ಅಜಗಜಾಂತರ. ಈ ಅಂಕಿಯನ್ನು ಶಾಲೆಯಲ್ಲಿ ಹೇಗೆ ಓದಬೇಕು?

ಮಲ್ನಾಡ್_ಮೇಷ್ಟ್ರು
ಹಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿ. ಇಬ್ಬರು ಮಕ್ಕಳ ಯುಡಿಐಡಿ ಕಾರ್ಡಿನಲ್ಲೂ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಬೌದ್ಧಿಕ ಅಸಾಮರ್ಥ್ಯ 75% ಎಂದೇ ಇದೆ. ಒಬ್ಬ ಮೂರಕ್ಷರದ ಪದ ಓದುತ್ತಾನೆ, ಹತ್ತು ರೂಪಾಯಿ ಕೊಟ್ಟು ಪೆನ್ಸಿಲ್ ತಂದು ಚಿಲ್ಲರೆ ಎಣಿಸುತ್ತಾನೆ. ಇನ್ನೊಬ್ಬಳಿಗೆ ಶೌಚಕ್ಕೂ ಜತೆಗೆ ಆಯಾ ಬೇಕು, ಮಾತು ಒಂದೊಂದೇ ಪದ. ಪೋಷಕರೊಬ್ಬರು 75% ಅಂದರೆ ಬುದ್ಧಿ ಕಾಲು ಭಾಗ ಮಾತ್ರ ಉಳಿದಿದೆ ಅಂತ ತಿಳಿದಿದ್ದಾರೆ. ಮೂರನೇ ಮಗುವಿನ ವರದಿಯಲ್ಲಿ "ಬಾರ್ಡರ್‌ಲೈನ್, 25%" ಅಂತಿದೆ. ಅದನ್ನು ಅಂಗವಿಕಲ ಮಕ್ಕಳ ಪಟ್ಟಿಗೆ ಸೇರಿಸಬೇಕೋ ಬೇಡವೋ? ತಿಳಿದವರು ಬಿಡಿಸಿ ಹೇಳಿ.

ಮನೋಮಾಪಕಿ
ಮೊದಲು ಆ ಪೋಷಕರ ತಪ್ಪು ತಿಳಿವಳಿಕೆ ಬಿಡಿಸಿಬಿಡಿ ಸರ್. 75% ಎಂಬುದನ್ನು ಯಾರೂ ಅಳೆದಿಲ್ಲ. ಅಳೆದದ್ದು ಬೇರೆ ಅಂಕ, ಅದನ್ನು ಸರ್ಕಾರದ ಕೋಷ್ಟಕದಲ್ಲಿಟ್ಟು ನೋಡಿದಾಗ ಸಿಕ್ಕಿದ್ದು 75.

2018ರ ಜನವರಿಯ ಕೇಂದ್ರ ಮಾರ್ಗಸೂಚಿಯ ಕೋಷ್ಟಕ ನಿಂತಿರುವುದು ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯೂರಿಟಿ ಸ್ಕೇಲ್ (ದಿನನಿತ್ಯದ ಕೆಲಸಗಳನ್ನು ಮಗು ಎಷ್ಟು ತಾನೇ ಮಾಡಿಕೊಳ್ಳುತ್ತದೆ ಎಂದು ಅಳೆಯುವ ಮಾಪನ), ಅಂದರೆ ವಿಎಸ್‌ಎಂಎಸ್ ಮೇಲೆ. ಅದರ ಅಂಕ 0–20 ಇದ್ದರೆ ಅತಿ ತೀವ್ರ, 100%. 21–35 ತೀವ್ರ, 90%. 36–54 ಮಧ್ಯಮ, 75%. 55–69 ಸೌಮ್ಯ, 50%. 70–84 ಬಾರ್ಡರ್‌ಲೈನ್, 25%. ನಡುವೆ 60%, 80% ಎಂಬುದೇ ಇಲ್ಲ, ಇರುವುದು ಐದೇ ಮೆಟ್ಟಿಲು.

ಲೆಕ್ಕ ಹೀಗೆ: ಸಾಮಾಜಿಕ ವಯಸ್ಸನ್ನು (ಮಗುವಿನ ಕೌಶಲ ಯಾವ ವಯಸ್ಸಿನವರ ಮಟ್ಟದಲ್ಲಿದೆಯೋ ಅದನ್ನು) ತಿಂಗಳಲ್ಲಿ ಬರೆದು, ನಿಜ ವಯಸ್ಸಿನ ತಿಂಗಳಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಹತ್ತು ವರ್ಷದ ಮಗು ಅಂದರೆ 120 ತಿಂಗಳು. ಅದರ ಸಾಮಾಜಿಕ ವಯಸ್ಸು 3 ವರ್ಷ 8 ತಿಂಗಳಿದ್ದರೂ 75%, 5 ವರ್ಷ 5 ತಿಂಗಳಿದ್ದರೂ 75%. ನಿಮ್ಮ ಇಬ್ಬರು ಮಕ್ಕಳು ಈ ಮೆಟ್ಟಿಲಿನ ಎರಡು ತುದಿಯಲ್ಲಿದ್ದಾರೆ, ಅಷ್ಟೇ. ಇನ್ನೊಂದು ತಿಂಗಳು ಹೆಚ್ಚಾಗಿ 5 ವರ್ಷ 6 ತಿಂಗಳಾದರೆ 66÷120, ಅಂದರೆ 55, ಪ್ರಮಾಣಪತ್ರ ಒಮ್ಮೆಲೇ 50%ಗೆ ಇಳಿಯುತ್ತದೆ. ಆ ವಯಸ್ಸಿನ ಹಂತದಲ್ಲಿ ಪ್ರಶ್ನೆಗಳೇ ಬೆರಳೆಣಿಕೆಯಷ್ಟಿವೆ, ಒಂದು ಪ್ರಶ್ನೆಗೆ "ಹೌದು" ಬಿದ್ದರೂ ಮೆಟ್ಟಿಲು ಬದಲಾಗಬಹುದು.

ಬಿಐಇಆರ್‌ಟಿ_ಹಾಸನ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ವಿಎಸ್‌ಎಂಎಸ್‌ನಲ್ಲಿ ಇರುವ 89 ಐಟಂಗಳು ಎಂಟು ವಿಭಾಗದಲ್ಲಿ ಹಂಚಿವೆ: ಸಾಮಾನ್ಯ ಸ್ವಸಹಾಯ, ಊಟ, ಉಡುಪು, ಸ್ವಂತ ನಿರ್ಧಾರ, ಕೆಲಸ, ಸಂವಹನ, ಓಡಾಟ, ಜನರೊಡನೆ ಬೆರೆಯುವುದು. ಒಬ್ಬ ಸಂವಹನದಲ್ಲಿ ಗಳಿಸಿ ಉಡುಪಿನಲ್ಲಿ ಕಳೆದುಕೊಂಡಿರಬಹುದು, ಇನ್ನೊಬ್ಬಳು ಅದರ ತಿರುಗುಮುರುಗು. ಕೊನೆಗೆ ಬರುವ ಅಂಕ ಒಂದೇ, ಪಾಠ ಮಾತ್ರ ಪೂರ್ತಿ ಬೇರೆ. ಆದ್ದರಿಂದ ಕಾರ್ಡಿನ ಜೆರಾಕ್ಸ್ ಸಾಲದು. ಪೋಷಕರ ಹತ್ತಿರ ಮನಶ್ಶಾಸ್ತ್ರಜ್ಞರು ಕೊಟ್ಟ ಮೂಲ ವರದಿ ಇರುತ್ತದೆ, ಯಾವ ವಿಭಾಗದಲ್ಲಿ ಎಷ್ಟು ಅಂತ ಅದರಲ್ಲಿ ಸಿಗುತ್ತದೆ. ಅದನ್ನೇ ಕೇಳಿ.

ಧಾರವಾಡ_ಅಕ್ಕೋರು
ಹಂಗಾರ ಐಕ್ಯೂ ಎಲ್ಲಿ ಹೋತ್ರೀ? ಟ್ರೇನಿಂಗಿನ್ಯಾಗ ನಮಗ ಹೇಳಿಕೊಟ್ಟಿದ್ದು 50–69 ಸೌಮ್ಯ, 35–49 ಮಧ್ಯಮ, 20–34 ತೀವ್ರ, 20ರ ಕೆಳಗ ಅತಿ ತೀವ್ರ ಅಂತ. ಈ ಕೋಷ್ಟಕದ ಗಡಿ ಬ್ಯಾರೇನ ಅದಾವಲ್ಲ.

ಮನೋಮಾಪಕಿ
ನೀವು ಕಲಿತದ್ದು ಐಸಿಡಿ-10ರ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ವಿಂಗಡಣೆ ಅಕ್ಕೋರೇ. 2001ರ ಹಳೇ ಪ್ರಮಾಣಪತ್ರ ಮಾರ್ಗಸೂಚಿಯೂ ಅದನ್ನೇ ಅನುಸರಿಸಿ 50, 75, 90, 100 ಶೇಕಡಾ ಕೊಡುತ್ತಿತ್ತು. 2018ರಲ್ಲಿ ಶೇಕಡಾವಾರು ಹಾಗೇ ಉಳಿದು, ಆಧಾರ ಮಾತ್ರ ಐಕ್ಯೂನಿಂದ ಹೊಂದಾಣಿಕೆಯ ವರ್ತನೆಗೆ, ಅಂದರೆ ದಿನನಿತ್ಯದ ಬದುಕಿನ ಕೌಶಲಕ್ಕೆ, ಬದಲಾಯಿತು. ಐಕ್ಯೂ ಪರೀಕ್ಷೆ ಈಗಲೂ ಮಾಡಲೇಬೇಕು, ಅದಿಲ್ಲದೆ ರೋಗನಿರ್ಣಯ ಆಗುವುದಿಲ್ಲ. ಆದರೆ ಶೇಕಡಾವಾರು ಐಕ್ಯೂನಿಂದ ಬರುವುದಿಲ್ಲ. ಹಳೇ ಕಾರ್ಡಿನ 50%, ಹೊಸ ಕಾರ್ಡಿನ 50% ಎರಡನ್ನೂ ಪಕ್ಕದಲ್ಲಿಟ್ಟು "ಮಗು ಹಾಗೇ ಇದೆ" ಅನ್ನಬಾರದು, ಅಳೆದ ವಸ್ತುವೇ ಬೇರೆ. 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಮತ್ತೆ ಪರಿಷ್ಕರಣೆಯಾಗಿದೆ. ಹಾಗಾಗಿ ಯಾವ ಕಾರ್ಡ್ ಓದುವಾಗಲೂ ಮೊದಲು ದಿನಾಂಕ ನೋಡಿ.

ಕಾನೂನು_ಕಟ್ಟೆ
ವ್ಯಾಖ್ಯೆಯ ವಿಚಾರಕ್ಕೆ ಬರೋಣ. 1995ರ ಕಾಯ್ದೆ ಇದನ್ನು ಮನಸ್ಸಿನ ಬೆಳವಣಿಗೆ ನಿಂತುಹೋದ ಅಥವಾ ಅಪೂರ್ಣವಾದ ಸ್ಥಿತಿ ಎಂದು, ಬುದ್ಧಿಶಕ್ತಿ ಕಡಿಮೆ ಇರುವುದನ್ನೇ ಮುಖ್ಯ ಗುರುತಾಗಿ ಹಿಡಿದಿತ್ತು. ದಿನನಿತ್ಯದ ಬದುಕಿನ ಪ್ರಸ್ತಾಪವೇ ಇರಲಿಲ್ಲ. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡು ಕಾಲಿನ ವ್ಯಾಖ್ಯೆ ಕೊಟ್ಟಿತು: ತರ್ಕ, ಕಲಿಕೆ, ಸಮಸ್ಯೆ ಬಿಡಿಸುವಿಕೆಯಂಥ ಬೌದ್ಧಿಕ ಕೆಲಸದಲ್ಲೂ ಗಣನೀಯ ಮಿತಿ ಇರಬೇಕು, ದೈನಂದಿನ, ಸಾಮಾಜಿಕ, ಪ್ರಾಯೋಗಿಕ ಕೌಶಲದ ಹೊಂದಾಣಿಕೆಯ ವರ್ತನೆಯಲ್ಲೂ ಇರಬೇಕು. ಒಂದೇ ಇದ್ದರೆ ಸಾಲದು.

ಅಲ್ಲಿಯವರೆಗೆ ಸರಿ. ಆದರೆ ಕಾಯ್ದೆಯ ಅನುಸೂಚಿ ಇದೇ ಶೀರ್ಷಿಕೆಯಡಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ (ಡಿಸ್ಲೆಕ್ಸಿಯಾದಂಥ ಓದು ಬರಹದ ತೊಡಕು) ಆಟಿಸಂ ಅನ್ನೂ ತಂದು ಕೂರಿಸಿದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬೌದ್ಧಿಕ ಮಿತಿ ಇರುವುದಿಲ್ಲ. ಆಟಿಸಂನಲ್ಲಿ ಇರಲೂಬಹುದು, ಇಲ್ಲದಿರಲೂಬಹುದು. ಕರಡು ಬರೆದವರ ಈ ಗುಂಪುಗಾರಿಕೆಯಿಂದಾಗಿ ಶಾಲಾ ಮಾಹಿತಿ ನಮೂನೆ ತುಂಬುವಾಗ ಡಿಸ್ಲೆಕ್ಸಿಯಾ ಮಗುವಿಗೆ ಬೌದ್ಧಿಕ ಅಸಾಮರ್ಥ್ಯದ ಕಾಲಂ ಟಿಕ್ ಆಗುವುದು ಮಾಮೂಲು. 21 ಅಂಗವಿಕಲತೆಗಳ ಎಣಿಕೆಯಲ್ಲಿ ಮೂರೂ ಬೇರೆ ಬೇರೆ. ಪ್ರಮಾಣಪತ್ರದಲ್ಲಿ ಏನು ಬರೆದಿದೆಯೋ ಅದನ್ನೇ ಟಿಕ್ ಮಾಡಿ, ಅನುಸೂಚಿಯ ಶೀರ್ಷಿಕೆ ನೋಡಿ ಟಿಕ್ ಮಾಡಬೇಡಿ.

ಹಳೇ_ಪಠ್ಯಕ್ರಮ
ಮೇಲಿನ "ಎರಡು ಕಾಲಿಗೆ" ಮೂರನೆಯದೊಂದು ಇದೆ, ಕಾಯ್ದೆಯಲ್ಲಿ ಬರೆದಿಲ್ಲ: ಬೆಳೆಯುವ ವಯಸ್ಸಿನಲ್ಲೇ ಕಾಣಿಸಿಕೊಂಡಿರಬೇಕು. ಬೌದ್ಧಿಕ ಅಸಾಮರ್ಥ್ಯಕ್ಕೆ ಸಂಬಂಧಿಸಿದ ಅಮೆರಿಕದ ಎಎಐಡಿಡಿ ಸಂಸ್ಥೆ ಇದಕ್ಕೆ 18 ವರ್ಷದ ಗಡಿ ಇಟ್ಟಿತ್ತು, 2021ರ ಆವೃತ್ತಿಯಲ್ಲಿ 22ಕ್ಕೆ ಏರಿಸಿತು. ಮೂವತ್ತನೇ ವಯಸ್ಸಿನಲ್ಲಿ ತಲೆಗೆ ಪೆಟ್ಟಾಗಿ ಬುದ್ಧಿಶಕ್ತಿ ಕುಂದಿದರೆ ಅದು ಈ ವರ್ಗಕ್ಕೆ ಬರುವುದಿಲ್ಲ.

ಗಡಿಗಳು ಎಷ್ಟು ಸಲ ಸರಿದಾಡಿವೆ ಅನ್ನುವುದು ಶಿಕ್ಷಕರಿಗೆ ಗೊತ್ತಿರಬೇಕು. ಅದೇ ಸಂಸ್ಥೆ 1961ರಲ್ಲಿ ಸರಾಸರಿಗಿಂತ ಒಂದು ಪ್ರಮಾಣ ವಿಚಲನೆ (ಐಕ್ಯೂನಲ್ಲಿ ಸುಮಾರು 15 ಅಂಶ) ಕೆಳಗಿದ್ದವರನ್ನೆಲ್ಲ, ಹೆಚ್ಚುಕಮ್ಮಿ ಐಕ್ಯೂ 85ರವರೆಗೆ, ಒಳಗೆ ಸೇರಿಸಿಕೊಂಡಿತ್ತು. 1973ರಲ್ಲಿ ಎರಡು ವಿಚಲನೆ, ಅಂದರೆ 70ಕ್ಕೆ ಇಳಿಸಿತು. ಒಂದು ಪುಸ್ತಕದ ತಿದ್ದುಪಡಿಯಿಂದ ಲಕ್ಷಾಂತರ ಜನ ರಾತ್ರೋರಾತ್ರಿ ವರ್ಗದಿಂದ ಹೊರಗೆ. ಮಕ್ಕಳಲ್ಲಿ ಏನೂ ಬದಲಾಗಿರಲಿಲ್ಲ.

ಶಾಲೆಗಳಲ್ಲಿ ಬಹುಕಾಲ ನಡೆದದ್ದು ಇನ್ನೊಂದು ವಿಂಗಡಣೆ: ಐಕ್ಯೂ 50ರಿಂದ 70–75 ಇದ್ದರೆ "ಶಿಕ್ಷಣಯೋಗ್ಯ", 25ರಿಂದ 50 ಇದ್ದರೆ "ತರಬೇತಿಯೋಗ್ಯ", ಅದಕ್ಕೂ ಕೆಳಗಿದ್ದರೆ "ಪಾಲನೆ ಮಾತ್ರ". ಕಾಗದದಲ್ಲಿ ಸತ್ತಿದ್ದರೂ ಮಾತಿನಲ್ಲಿ ಬದುಕಿದೆ. ಇದರ ಕೆಡುಕು ಎಲ್ಲಿದೆ ನೋಡಿ: "ತರಬೇತಿಯೋಗ್ಯ" ಎಂದು ಬರೆದ ದಿನವೇ ಮಗುವಿನ ಕೈಯಿಂದ ಪುಸ್ತಕ ಹೋಗಿ ಮಣಿ ಪೋಣಿಸುವ ದಾರ ಬರುತ್ತದೆ. ಓದು ಕಲಿಸಿ ನೋಡಿ ಆಗಲಿಲ್ಲ ಅಂತಲ್ಲ, ಕಲಿಸಲೇ ಇಲ್ಲ. ಮುಂದೆ "ಓದಲು ಬಾರದು" ಎಂಬ ಫಲಿತಾಂಶವೇ ಆ ಹಣೆಪಟ್ಟಿಗೆ ಪುರಾವೆಯಾಗುತ್ತದೆ.

1992ರಲ್ಲಿ ಅದೇ ಸಂಸ್ಥೆ ಮಟ್ಟಗಳನ್ನೇ ಕೈಬಿಟ್ಟು, ಬೇಕಾದ ನೆರವಿನ ಪ್ರಮಾಣದಿಂದ ವಿಂಗಡಿಸಿತು: ಆಗಾಗ ಸಾಕು, ಸೀಮಿತ ಅವಧಿಗೆ ಬೇಕು, ವ್ಯಾಪಕವಾಗಿ ಬೇಕು, ಸದಾ ಎಲ್ಲೆಡೆ ಬೇಕು. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5 ಸೌಮ್ಯ, ಮಧ್ಯಮ ಮುಂತಾದ ಹೆಸರುಗಳನ್ನು ಉಳಿಸಿಕೊಂಡು, ಅವನ್ನು ಐಕ್ಯೂ ನೋಡಿಯಲ್ಲ, ಪರಿಕಲ್ಪನಾತ್ಮಕ, ಸಾಮಾಜಿಕ, ಪ್ರಾಯೋಗಿಕ ಎಂಬ ಮೂರು ಕ್ಷೇತ್ರಗಳ ಹೊಂದಾಣಿಕೆ ನೋಡಿ ನಿರ್ಧರಿಸಿ ಅಂದಿತು. 2022ರ ಜನವರಿಯಿಂದ ಜಾರಿಯಲ್ಲಿರುವ ಐಸಿಡಿ-11 ತೀವ್ರ, ಅತಿ ತೀವ್ರ ಎರಡನ್ನೂ ಐಕ್ಯೂನಿಂದ ಬೇರ್ಪಡಿಸುವುದಿಲ್ಲ. ಅಷ್ಟು ಕೆಳಗೆ ಪರೀಕ್ಷೆಗಳ ಅಂಕ ನಂಬಲರ್ಹವಲ್ಲ ಎಂಬುದೇ ಕಾರಣ.

ಮಲ್ನಾಡ್_ಮೇಷ್ಟ್ರು
ತುಂಬಾ ಉಪಯೋಗವಾಯ್ತು. ಹಾಗಾದರೆ ಕಾರ್ಡಿನ ಅಂಕಿಯನ್ನೇ ಅನುಮಾನಿಸಬೇಕಾದ ಸಂದರ್ಭ ಯಾವುದು? ಪೇಟೆಯ ಆಸ್ಪತ್ರೆಯಲ್ಲಿ ಅರ್ಧ ಗಂಟೆ ನೋಡಿ ಬರೆದುಕೊಟ್ಟರು ಅನ್ನುವ ದೂರು ಪೋಷಕರಿಂದ ಬರುತ್ತಲೇ ಇರುತ್ತದೆ.

ಮನೋಮಾಪಕಿ
ಅನುಮಾನಿಸಬೇಕಾದ ಜಾಗಗಳು ಹಲವು. ಮುಖ್ಯವಾದವು ಹೇಳುತ್ತೇನೆ.

ಕಿವಿ. ಶ್ರವಣ ಪರೀಕ್ಷೆ ಆಗದೆ ಬುದ್ಧಿಮಾಪನ ಮಾಡಿದ್ದರೆ ಆ ವರದಿಗೆ ಬೆಲೆ ಇಲ್ಲ. ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ಕಿವುಡಿದ್ದರೆ ಮಗು ಅರ್ಧ ಕೇಳಿಸಿಕೊಂಡು ಅರ್ಧ ಊಹಿಸಿ ಉತ್ತರಿಸುತ್ತದೆ, ಶಾಬ್ದಿಕ ಅಂಕ ಕುಸಿಯುತ್ತದೆ. ಜತೆಗೆ ಕಣ್ಣು. ಬೆಳವಣಿಗೆ ಕುಂಠಿತವಿದ್ದು ಮಲಬದ್ಧತೆ, ಒಣ ಚರ್ಮ, ಕುಳ್ಳು ಮೈಕಟ್ಟು ಇದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮರೆಯಬಾರದು.

ಭಾಷೆ. ಮನೆಯಲ್ಲಿ ಲಂಬಾಣಿ, ಕೊಂಕಣಿ, ಉರ್ದು ಅಥವಾ ತುಳು ಆಡುವ ಆರು ವರ್ಷದ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ನೀವು ಅಳೆಯುತ್ತಿರುವುದು ಕನ್ನಡವನ್ನು. ವರದಿಯಲ್ಲಿ ಪರೀಕ್ಷೆ ನಡೆದ ಭಾಷೆ ಬರೆದಿದೆಯೇ ನೋಡಿ.

ಕೈ. ಸೆಗ್ವಿನ್ ಫಾರ್ಮ್ ಬೋರ್ಡ್ ಅಂದರೆ ಹತ್ತು ಮರದ ಆಕಾರಗಳನ್ನು ಗುಳಿಗಳಲ್ಲಿ ಕೂರಿಸುವುದು. ಮೂರು ಸಲ ಮಾಡಿಸಿ ಅತಿ ಕಡಿಮೆ ಸಮಯವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ತ್ರಿಕೋನ ಎಲ್ಲಿ ಹೋಗಬೇಕು ಅಂತ ಚೆನ್ನಾಗಿ ಗೊತ್ತು, ಕೈ ಅಲ್ಲಿಗೆ ಹೋಗುವುದಿಲ್ಲ. ಆ ಅಂಕದಿಂದ ಐಕ್ಯೂ ಬರೆದಿದ್ದರೆ ಮರುಪರೀಕ್ಷೆ ಕೇಳಿ.

ಅವಕಾಶ. ವಿಎಸ್‌ಎಂಎಸ್ ಬಹುಪಾಲು ಪೋಷಕರನ್ನು ಕೇಳಿ ತುಂಬುವಂಥದ್ದು. ಅಜ್ಜಿ ಇನ್ನೂ ತುತ್ತು ಮಾಡಿ ಬಾಯಿಗಿಡುವ ಮನೆಯಲ್ಲಿ "ತಾನೇ ಉಣ್ಣುತ್ತಾನಾ?" ಅಂದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. ಬಾರದೋ, ಬಿಟ್ಟಿಲ್ಲವೋ ಎಂಬುದನ್ನು ಬೇರ್ಪಡಿಸಿ ಕೇಳದಿದ್ದರೆ ಅಂಕ ಕೆಳಗೆ ಬೀಳುತ್ತದೆ. ತಲೆತಗ್ಗಿಸಬೇಕಾಗುತ್ತದೆ ಎಂದು ಎಲ್ಲದಕ್ಕೂ "ಮಾಡುತ್ತಾನೆ" ಅನ್ನುವ ಪೋಷಕರೂ ಇದ್ದಾರೆ, ಆಗ ಮೇಲಕ್ಕೆ.

ವಯಸ್ಸಿನ ಮೇಲ್ಮಿತಿ. ಈ ಮಾಪನ 15 ವರ್ಷಕ್ಕೆ ಮುಗಿಯುತ್ತದೆ. 20 ವರ್ಷದ ಯುವಕನ ಸಾಮಾಜಿಕ ವಯಸ್ಸು 12 ಅಂದುಕೊಳ್ಳಿ. 20ರಿಂದ ಭಾಗಿಸಿದರೆ 60, ಸೌಮ್ಯ. 15ರಿಂದ ಭಾಗಿಸಿದರೆ 80, ಬಾರ್ಡರ್‌ಲೈನ್. ನಿಜ ವಯಸ್ಸನ್ನೇ ಹಾಕುತ್ತ ಹೋದರೆ ಎಲ್ಲ ಐಟಂ ಪಾಸಾದ 20ರ ಯುವಕನಿಗೂ 75 ದಾಟಲು ಸಾಧ್ಯವಿಲ್ಲ!

ಧಾರವಾಡ_ಅಕ್ಕೋರು
ಬಿನೆ-ಕಾಮತ್ ಪರೀಕ್ಷಾದ ಬಗ್ಗೆ ಹೇಳ್ರಿ. ನಮ್ಮ ಕಡೆ ವರದಿಯೊಳಗ ಅದ ಜಾಸ್ತಿ ಇರ್ತದ.

ಮನೋಮಾಪಕಿ
ಅದಕ್ಕೆ ಕನ್ನಡದ ನಂಟು ಗಟ್ಟಿ ಇದೆ. ವಿ. ವಿ. ಕಾಮತ್ ಅವರು ಬಿನೆ ಬುದ್ಧಿಮಾಪನವನ್ನು 1934ರಲ್ಲಿ ಒಗ್ಗಿಸಿದ್ದೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ಜೆ. ಭರತ್ ರಾಜ್ ಅವರ 88 ಐಟಂಗಳ ಬೆಳವಣಿಗೆ ತಪಾಸಣಾ ಪರೀಕ್ಷೆ, ಫಾರ್ಮ್ ಬೋರ್ಡಿನ ಭಾರತೀಯ ಮಾನದಂಡಗಳೂ ಈ ನೆಲದವೇ. ಬೇಸರದ ಸಂಗತಿ ಅಂದರೆ ಮಾನದಂಡಗಳ ಹಳತು. ಬಿನೆ-ಕಾಮತ್ ಪರಿಷ್ಕರಣೆ 1967ರದು, ಮಾಲಿನ್ ಅವರ ಮಕ್ಕಳ ಬುದ್ಧಿಮಾಪನ ಎಂಐಎಸ್‌ಐಸಿ 1969ರದು. ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಅಂಕ ಏರುತ್ತದೆ, ದಶಕಕ್ಕೆ ಸುಮಾರು ಮೂರು ಅಂಶ ಎಂಬುದು ಹಲವು ದೇಶಗಳಲ್ಲಿ ಕಂಡದ್ದು. ಹಳೇ ಮಾನದಂಡದಲ್ಲಿ ಇಂದಿನ ಮಗು ಇರುವುದಕ್ಕಿಂತ ಮೇಲೆ ಕಾಣುತ್ತದೆ, ಸೌಮ್ಯ ಮಟ್ಟದ ಮಕ್ಕಳು "ಸಾಮಾನ್ಯ" ಅನ್ನಿಸಿಕೊಂಡು ನೆರವಿಲ್ಲದೆ ಉಳಿಯುತ್ತಾರೆ.

ಇನ್ನೊಂದು: ಯಾವುದೇ ಐಕ್ಯೂ ಅಂಕದ ಆಚೀಚೆ ಐದು ಅಂಶದ ದೋಷಮಿತಿ ಇಟ್ಟುಕೊಳ್ಳಿ. 70 ಎಂದರೆ 65ರಿಂದ 75ರೊಳಗೆ ಎಲ್ಲೋ. 69 ಬಂದವನು ಹೀಗೆ, 71 ಬಂದವಳು ಹಾಗೆ ಅಂತ ತೀರ್ಮಾನಿಸುವುದು ಅಂಕಗಣಿತ ಅಷ್ಟೇ, ಮನಶ್ಶಾಸ್ತ್ರ ಅಲ್ಲ.

ಡಲ್ಲಾಸ್_ಕನ್ನಡತಿ
ಹೋಲಿಕೆಗೆ ಇರಲಿ ಅಂತ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣಕ್ಕಿರುವ ಐಡಿಇಎ ಕಾನೂನಿನ ವ್ಯಾಖ್ಯೆಯಲ್ಲಿ ಬುದ್ಧಿಶಕ್ತಿ, ಹೊಂದಾಣಿಕೆ, ಬೆಳವಣಿಗೆಯ ಅವಧಿ ಮೂರರ ಜತೆ ನಾಲ್ಕನೆಯದಿದೆ: ಮಗುವಿನ ಶೈಕ್ಷಣಿಕ ಸಾಧನೆಗೆ ತೊಡಕಾಗುತ್ತಿರಬೇಕು. ವೈದ್ಯರ ಚೀಟಿ ತಂದರೆ ಸಾಲದು, ಪೋಷಕರೂ ಸೇರಿದ ಶಾಲೆಯ ತಂಡವೇ ನಿರ್ಧರಿಸುತ್ತದೆ, ಕನಿಷ್ಠ ಮೂರು ವರ್ಷಕ್ಕೊಮ್ಮೆ ಮರುಮೌಲ್ಯಮಾಪನ. ಶೇಕಡಾವಾರು ಎಂಬುದೇ ಇಲ್ಲ. ಊರಿಂದ ಬಂದವರು ಯುಡಿಐಡಿ ಕಾರ್ಡ್ ತೋರಿಸಿದರೆ ಇಲ್ಲಿಯ ಶಾಲೆಗೆ ಅರ್ಥವಾಗುವುದಿಲ್ಲ. ಮೂಲ ಪರೀಕ್ಷಾ ವರದಿ ಇಂಗ್ಲಿಷಿನಲ್ಲಿ ಇಟ್ಟುಕೊಂಡು ಬನ್ನಿ.

ಕಾನೂನು_ಕಟ್ಟೆ
ನಮ್ಮಲ್ಲಿ ಆ ನಾಲ್ಕನೇ ಕಾಲು ಇಲ್ಲದಿರುವುದೇ ಇಡೀ ಗೊಂದಲದ ಮೂಲ. ಶೇಕಡಾವಾರು ಹುಟ್ಟಿದ್ದು ಪಿಂಚಣಿ, ಬಸ್ ಪಾಸ್, ಮೀಸಲಾತಿಗೆ ಗೆರೆ ಎಳೆಯಲು. 40% ಗೆರೆ ದಾಟಿದರೆ 2016ರ ಕಾಯ್ದೆಯ 31ನೇ ಕಲಮಿನಂತೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ. ಲಿಖಿತ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ 2018ರ ಕೇಂದ್ರ ಮಾರ್ಗಸೂಚಿಯಲ್ಲಿದೆ. ಇದಕ್ಕೆಲ್ಲ ಕಾರ್ಡ್ ಬೇಕೇ ಬೇಕು. ಪಾಠಕ್ಕೆ ಮಾತ್ರ ಅದು ಉಪಯೋಗಕ್ಕೆ ಬರುವುದಿಲ್ಲ.

ಬಿಐಇಆರ್‌ಟಿ_ಹಾಸನ
ಪಾಠಕ್ಕೆ ಏನು ಬೇಕು ಅಂತ ನಾನು ಹೇಳುತ್ತೇನೆ. ಮಗು ಯಾವ ಕೆಲಸವನ್ನು ಎಷ್ಟು ನೆರವಿನಿಂದ ಮಾಡುತ್ತದೆ ಎಂದು ಗುರುತಿಸುವ, ಸಿಕಂದರಾಬಾದಿನ ಬೌದ್ಧಿಕ ಅಸಾಮರ್ಥ್ಯದ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ ಚೆಕ್‌ಲಿಸ್ಟ್ ತೆಗೆದುಕೊಳ್ಳಿ. ಪೂರ್ವ ಪ್ರಾಥಮಿಕ, ಪ್ರಾಥಮಿಕ ಒಂದು, ಪ್ರಾಥಮಿಕ ಎರಡು, ಸೆಕೆಂಡರಿ, ವೃತ್ತಿಪೂರ್ವ ಒಂದು ಮತ್ತು ಎರಡು ಎಂಬ ಹಂತಗಳಿವೆ. ವೈಯಕ್ತಿಕ, ಸಾಮಾಜಿಕ, ಶೈಕ್ಷಣಿಕ, ಔದ್ಯೋಗಿಕ, ಮನರಂಜನೆ ಎಂಬ ಕ್ಷೇತ್ರಗಳಲ್ಲಿ ಪ್ರಶ್ನೆಗಳು. ಪೂರ್ವ ಪ್ರಾಥಮಿಕದಲ್ಲಿ 80% ಸಾಧಿಸಿದ ಮಗು ಪ್ರಾಥಮಿಕ ಒಂದಕ್ಕೆ. ವಯಸ್ಸು ಎಂಟಾದರೂ ಸಾಧಿಸದಿದ್ದರೆ ಪ್ರಾಥಮಿಕ ಎರಡಕ್ಕೆ, ಅಲ್ಲಿ ಸ್ವಸಹಾಯಕ್ಕೆ ಒತ್ತು.

ತುಂಬುವಾಗ ಹೌದು–ಇಲ್ಲ ಅಂತ ಗೀಚಬೇಡಿ. ತಾನೇ ಮಾಡುತ್ತದೆ, ಸುಳಿವು ಕೊಟ್ಟರೆ ಮಾಡುತ್ತದೆ, ಬಾಯಲ್ಲಿ ಹೇಳಿದರೆ ಮಾಡುತ್ತದೆ, ಕೈ ಹಿಡಿದರೆ ಮಾಡುತ್ತದೆ, ಮಾಡುವುದಿಲ್ಲ. ಈ ಮೆಟ್ಟಿಲುಗಳೇ ಪಾಠಯೋಜನೆ. "ಕೈ ಹಿಡಿದರೆ" ಇದ್ದದ್ದನ್ನು "ಬಾಯಲ್ಲಿ ಹೇಳಿದರೆ"ಗೆ ತರುವುದು ಈ ಅವಧಿಯ ಗುರಿ. ಮಗುವಿಗೆ ಅವಕಾಶವೇ ಸಿಗದ ಐಟಂ, ಉದಾಹರಣೆಗೆ ಲಿಫ್ಟ್ ಬಳಸುವುದು, ಅದನ್ನು ಬೇರೆಯಾಗಿ ಗುರುತಿಸಿ ಒಟ್ಟು ಲೆಕ್ಕದಿಂದ ತೆಗೆಯಿರಿ. ಹಳ್ಳಿ ಮಕ್ಕಳ ಶೇಕಡಾವಾರು ಸುಮ್ಮನೆ ಕೆಳಗಿಳಿಯುವುದು ಅಲ್ಲೇ.

ಮೇಷ್ಟ್ರೇ, ನಿಮ್ಮ ಮೊದಲ ಹುಡುಗನಿಗೆ ಗುರಿ ಹೀಗೆ ಬರೆಯಿರಿ: "ಚಿತ್ರದ ನೆರವಿಲ್ಲದೆ, ಒತ್ತಕ್ಷರವಿಲ್ಲದ ಹತ್ತು ಪದಗಳಲ್ಲಿ ಎಂಟನ್ನು, ಸತತ ಮೂರು ದಿನ, ಸುಳಿವಿಲ್ಲದೆ ಓದುತ್ತಾನೆ." "ಓದುವ ಕೌಶಲ ವೃದ್ಧಿಸುವುದು" ಅಂತ ಬರೆದ ಐಇಪಿಗಳು (ಒಂದೊಂದು ಮಗುವಿಗೂ ಬರೆಯುವ ಪಾಠಯೋಜನೆ) ಫೈಲಿಗೆ ಚೆಂದ, ಡಿಸೆಂಬರಿನಲ್ಲಿ ಮುಟ್ಟಿದ್ದೇವೋ ಇಲ್ಲವೋ ಅಂತ ಯಾರೂ ಹೇಳಲಾರರು. ಹುಡುಗಿಗೆ ಶೌಚ ಮೊದಲು: ಹೇಳುವುದು, ನಡೆಯುವುದು, ಬಟ್ಟೆ ಸರಿಸುವುದು, ಕೂರುವುದು, ತೊಳೆಯುವುದು, ಬಟ್ಟೆ ಹಾಕುವುದು, ಕೈ ತೊಳೆಯುವುದು ಎಂದು ಒಡೆದು, ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸಿ. ಮುಗಿಸಿದ ಖುಷಿ ಪ್ರತಿ ಸಲ ಅವಳಿಗೇ ಸಿಗುತ್ತದೆ. ಆಯಾ ಮತ್ತು ಮನೆಯವರು ಅದೇ ಕ್ರಮ ಇಟ್ಟುಕೊಳ್ಳದಿದ್ದರೆ ಶಾಲೆಯಲ್ಲಿ ಕಲಿತದ್ದು ಶಾಲೆಯಲ್ಲೇ ಉಳಿಯುತ್ತದೆ.

ಮಲ್ನಾಡ್_ಮೇಷ್ಟ್ರು
ಧನ್ಯವಾದ ಸರ್. ಬಾರ್ಡರ್‌ಲೈನ್ ಮಗುವಿನ ಪ್ರಶ್ನೆ ಉಳಿಯಿತು.

ಮನೋಮಾಪಕಿ
ಆ ಮಗು ಬೌದ್ಧಿಕ ಅಸಾಮರ್ಥ್ಯದ ವ್ಯಾಖ್ಯೆಯೊಳಗೆ ಬರುವುದಿಲ್ಲ, ಗಡಿ 70. 25% ಎಂದು ಬರೆದುಕೊಟ್ಟರೂ 40% ಗೆರೆ ಮುಟ್ಟದು. ಇತ್ತ ನಿರ್ದಿಷ್ಟ ಕಲಿಕಾ ನ್ಯೂನತೆಗೆ 2018ರ ಕ್ರಮದಲ್ಲಿ ಐಕ್ಯೂ 85ಕ್ಕಿಂತ ಹೆಚ್ಚಿರಬೇಕು, ಆಮೇಲೆಯೇ ಓದು, ಬರಹ, ಲೆಕ್ಕ ನೋಡುವ ನಿಮ್ಹಾನ್ಸ್ ಪರೀಕ್ಷಾಗುಚ್ಛ. ಹಾಗಾಗಿ 70ರಿಂದ 84ರ ಮಕ್ಕಳು ಎರಡು ಬಾಗಿಲಿನ ನಡುವೆ ನಿಲ್ಲುತ್ತಾರೆ. ತರಗತಿಯಲ್ಲಿ "ನಿಧಾನ ಕಲಿಕೆ" ಅಂತ ಗುರುತಿಸುವ ಬಹಳಷ್ಟು ಮಕ್ಕಳು ಇಲ್ಲಿಯವರೇ.

ಕಾನೂನು_ಕಟ್ಟೆ
ನಮೂನೆಯಲ್ಲಿ ಪ್ರಮಾಣಪತ್ರದಲ್ಲಿರುವುದನ್ನು ಇರುವಂತೆ ನಮೂದಿಸಿ, 40%ಗಿಂತ ಕಡಿಮೆ ಎಂದು ಸ್ಪಷ್ಟವಾಗಿರಲಿ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ ಹೇಗೂ ಇದೆ. ಪಾಠ ಬದಲಿಸಲು, ಮೌಖಿಕವಾಗಿ ಕೇಳಲು, ಹಾಳೆಯಲ್ಲಿ ಪ್ರಶ್ನೆ ಕಡಿಮೆ ಮಾಡಲು ಯಾವ ಕಾರ್ಡೂ ಬೇಡ. ಹತ್ತನೇ ತರಗತಿ ಕಷ್ಟ ಅನ್ನಿಸಿದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನ ಮುಕ್ತ ಮೂಲಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಆ ದಾರಿಯನ್ನು ಪೋಷಕರಿಗೆ ಒಂಬತ್ತನೇ ತರಗತಿಯ ಕೊನೆಯಲ್ಲಲ್ಲ, ಏಳರಲ್ಲೇ ತಿಳಿಸಿ.

ಧಾರವಾಡ_ಅಕ್ಕೋರು
ಕಾರ್ಡ್ ಎಷ್ಟು ವರ್ಷಕ್ಕ ಹೊಸಾದು ಮಾಡಿಸಬೇಕ್ರಿ?

ಮನೋಮಾಪಕಿ
2018ರ ಮಾರ್ಗಸೂಚಿಯಂತೆ ಒಂದು ವರ್ಷ ತುಂಬುವ ಮೊದಲು ಪ್ರಮಾಣಪತ್ರ ಇಲ್ಲ. ಐದು ವರ್ಷದವರೆಗೆ ಹೆಸರು "ಸಮಗ್ರ ಬೆಳವಣಿಗೆ ವಿಳಂಬ", ಐದರ ನಂತರವೇ ಬೌದ್ಧಿಕ ಅಸಾಮರ್ಥ್ಯ. 5, 10, 18ರಲ್ಲಿ ನವೀಕರಣ, 18ರದ್ದು ಶಾಶ್ವತ. ಮೇಷ್ಟ್ರ ಮಕ್ಕಳು ಐದನೇ ತರಗತಿ, ಅಂದರೆ ಹತ್ತರ ನವೀಕರಣದ ವಯಸ್ಸೇ. ಹೋಗುವಾಗ ಎಫ್‌ಎಸಿಪಿ ಹಾಳೆ, ಶ್ರವಣ ಪರೀಕ್ಷೆಯ ವರದಿ, ಮನೆಮಾತು ಯಾವುದು ಎಂಬ ಒಂದು ಸಾಲು, ಮೂರನ್ನೂ ಪೋಷಕರ ಕೈಯಲ್ಲಿ ಕೊಟ್ಟು ಕಳಿಸಿ.